ಉತ್ತರ ತಾಳೆ ಆಗದಿದ್ದಾಗ: ಸೆಕೆಂಡ್ ಪಿಯು ಗಣಿತದಲ್ಲಿ ದೋಷ ಹುಡುಕುವ ಬಗೆ

"ಸರ್, ಸೊನ್ನೆ ಬರ್ತಿದೆ. ಮೂರು ಸಲ ಮಾಡ್ದೆ. ಮೂರು ಸಲಾನೂ ಸೊನ್ನೆ."

ಡಿಸೆಂಬರ್ ತಿಂಗಳ ಸಂಜೆ. ಪೊನ್ನಂಪೇಟೆ ಕಡೆಯ ನಮ್ಮ ಮನೆಯ ಜಗಲಿಯಲ್ಲಿ ಆರೇಳು ಮಕ್ಕಳು ಟ್ಯೂಷನ್‌ಗೆ ಕೂತಿದ್ದರು. ಮುಂದಿನ ಕಣದಲ್ಲಿ ಕಾಫಿ ಹಣ್ಣು ಹರಡಿತ್ತು. ಮಂಜು ಬೀಳುವ ಮೊದಲು ಟಾರ್ಪಾಲು ಹೊದಿಸಬೇಕಿತ್ತು, ನನ್ನ ಅರ್ಧ ಗಮನ ಅಲ್ಲೇ. ಹುಡುಗಿ ನೋಟ್‌ಬುಕ್ ಮುಂದೆ ಹಿಡಿದಳು. ಲೆಕ್ಕ ಚಿಕ್ಕದು: 1/(1 + ಕಾಸ್²ಎಕ್ಸ್) ಇದರ ಇಂಟಿಗ್ರಲ್, 0 ಇಂದ ಪೈ ತನಕ.

"ಎಲ್ಲಿ ತಪ್ಪಿದೆ ಅನ್ಸುತ್ತೆ?"

"ಎಲ್ಲೋ ಸಿಲ್ಲಿ ಮಿಸ್ಟೇಕ್ ಸರ್."

ಈ ಮಾತು ಕೇಳಿದರೆ ನನಗೆ ಆಗುವುದಿಲ್ಲ. ಜ್ವರ ಬಂದವನು ಡಾಕ್ಟರ ಹತ್ತಿರ ಹೋಗಿ "ಮೈ ಸರಿ ಇಲ್ಲ" ಅಂದ ಹಾಗೆ. ನಿಜ, ಸರಿ ಇಲ್ಲ. ಆದರೆ ಮದ್ದು ಯಾವುದಕ್ಕೆ ಕೊಡುವುದು? ತಪ್ಪಿಗೆ ಒಂದು ಜಾಗ ಇರುತ್ತದೆ, ಒಂದು ಹೆಸರೂ ಇರುತ್ತದೆ. ಅದನ್ನು ಹುಡುಕುವ ಕೆಲಸ ಬೇರೆ, ಲೆಕ್ಕವನ್ನು ಇನ್ನೊಂದು ಸಲ ಮಾಡುವ ಕೆಲಸ ಬೇರೆ. ಮಕ್ಕಳು ಮಾಡುವುದು ಎರಡನೆಯದನ್ನು. ಅದೇ ದಾರಿಯಲ್ಲಿ ಮೂರು ಸಲ ನಡೆದರೆ ಅದೇ ಗುಂಡಿಗೆ ಮೂರು ಸಲ ಬೀಳುತ್ತೇವೆ, ಅಷ್ಟೇ.

ಸೆಕೆಂಡ್ ಪಿಯು ಸೈನ್ಸ್ ಮಕ್ಕಳ ನೋಟ್‌ಬುಕ್‌ಗಳಲ್ಲಿ ನಾನು ಮತ್ತೆ ಮತ್ತೆ ಕಂಡ ದೋಷಗಳು, ಅವುಗಳ ಲಕ್ಷಣ, ಹುಡುಕುವ ಬಗೆ, ಇಷ್ಟನ್ನು ಇಲ್ಲಿ ಬರೆದಿದ್ದೇನೆ. ಎಕ್ಸ್, ವೈ, ಸೈನ್, ಕಾಸ್ ಎಲ್ಲ ಕನ್ನಡದಲ್ಲೇ ಇವೆ. ಕ್ಲಾಸಿನಲ್ಲಿ ಬಾಯಲ್ಲಿ ಹೇಳುವ ಹಾಗೆ ಓದಿಕೊಳ್ಳಿ.

ಮೊದಲೇ ಎಂಜಿನ್ ಬಿಚ್ಚಬೇಡಿ

ಒಂದು ಫೆಬ್ರವರಿಯಲ್ಲಿ ಕಾಫಿ ಹೂವಿಗೆ ನೀರು ಹೊಡೆಯುವ ಹೊತ್ತಿಗೆ ಸರಿಯಾಗಿ ನಮ್ಮ ಪಂಪ್ ಕೈಕೊಟ್ಟಿತು. ಎಂಜಿನ್ ಓಡುತ್ತಿದೆ, ಸ್ಪ್ರಿಂಕ್ಲರ್‌ನಲ್ಲಿ ನೀರಿಲ್ಲ. ನಾನು ಸ್ಪ್ಯಾನರ್ ಹಿಡಿದು ಎಂಜಿನ್ ಬಿಚ್ಚಲು ಕೂತಿದ್ದೆ. ಮೆಕ್ಯಾನಿಕ್ ಬಂದವನು ಎಂಜಿನ್ ಮುಟ್ಟಲೇ ಇಲ್ಲ. ಆಫ್ ಮಾಡಿಸಿ, ಪಂಪಿನ ಮೇಲಿನ ಬಾಯಿಗೆ ಒಂದು ಬಕೆಟ್ ನೀರು ಸುರಿದು ಸುಮ್ನೆ ನೋಡುತ್ತಾ ನಿಂತ. ನೀರು ಮೆಲ್ಲಗೆ ಇಳಿಯಿತು.

"ಸಾರ್, ಎಂಜಿನ್ ಸರಿ ಇದೆ. ನೀರು ನಿಲ್ತಾ ಇಲ್ಲ. ಕೆಳಗೆ ಫುಟ್‌ವಾಲ್ವ್‌ಗೆ ಏನೋ ಸಿಕ್ಕಿದೆ."

ಕೆರೆಯಿಂದ ಪೈಪ್ ಎಳೆದು ನೋಡಿದರೆ ನೀರು ವಾಪಸ್ ಇಳಿಯದಂತೆ ತಡೆಯುವ ತುದಿಯ ವಾಲ್ವಿನ ಬಾಯಲ್ಲಿ ಸಿಲ್ವರ್ ಓಕ್ ಎಲೆ. ಅರ್ಧ ಗಂಟೆಯ ಕೆಲಸ. ಎಂಜಿನ್ ಬಿಚ್ಚಿದ್ದರೆ ಎರಡು ದಿನ ಹೋಗುತ್ತಿತ್ತು, ಎಲೆ ಅಲ್ಲೇ ಇರುತ್ತಿತ್ತು.

ಲೆಕ್ಕದಲ್ಲೂ ಹಾಗೇ. ಮೊದಲು ನೋಡಬೇಕಾದದ್ದು ಉತ್ತರ ನಂಬುವ ಹಾಗಿದೆಯಾ ಅಂತ. ಚಿಹ್ನೆ ಸರಿಯಾ, ಗಾತ್ರ ಸರಿಯಾ? ಇದಕ್ಕೆ ಹತ್ತು ಸೆಕೆಂಡ್ ಸಾಕು. ಆಮೇಲೆ ಉತ್ತರವನ್ನು ಪ್ರಶ್ನೆಗೇ ವಾಪಸ್ ಹಾಕಿ ನೋಡುವುದು. ಇಷ್ಟಾದ ಮೇಲೂ ತಪ್ಪಿದೆ ಅಂತ ಖಾತ್ರಿಯಾದರೆ ಲೆಕ್ಕವನ್ನು ನಡುವಿನಲ್ಲಿ ಕಡಿಯಬೇಕು. ಹನ್ನೆರಡು ಸಾಲಿನ ಲೆಕ್ಕವಾದರೆ ಆರನೇ ಸಾಲಿಗೆ ಹೋಗಿ. ಅಲ್ಲಿ ಎಕ್ಸ್‌ಗೆ ಒಂದು ಸಂಖ್ಯೆ ಹಾಕಿ, ಮೊದಲ ಸಾಲಿಗೂ ಅದೇ ಸಂಖ್ಯೆ ಹಾಕಿ. ಎರಡೂ ಒಂದೇ ಬಂದರೆ ದೋಷ ಬಹುಶಃ ಕೆಳಗಿದೆ. ಬೇರೆ ಬಂದರೆ ಮೇಲಿದೆ. ಉಳಿದ ಅರ್ಧವನ್ನು ಮತ್ತೆ ಅರ್ಧ ಮಾಡಿ. ಮೂರ್ನಾಲ್ಕು ಸಲದಲ್ಲಿ ಸಾಲು ಸಿಕ್ಕಿಬಿಡುತ್ತದೆ. ಒಂದು ವಿಷಯ ನೆನಪಿರಲಿ: ಇದು ಬೀಜಗಣಿತದ ಸಾಲುಗಳಿಗೆ ಹೊಂದುವ ಉಪಾಯ. ಇಂಟಿಗ್ರೇಷನ್ ಆದ ಮೇಲಿನ ಸಾಲನ್ನು ಆಗುವ ಮೊದಲಿನ ಸಾಲಿಗೆ ಹೀಗೆ ಹೋಲಿಸಲಾಗದು. ಅಲ್ಲಿ ಡಿಫರೆನ್ಷಿಯೇಟ್ ಮಾಡಿ ವಾಪಸ್ ಬರಬೇಕು.

ಪಾರ್ಷಿಯಲ್ ಫ್ರ್ಯಾಕ್ಷನ್ ಉದಾಹರಣೆ ನೋಡಿ. (3ಎಕ್ಸ್ + 5)/((ಎಕ್ಸ್ − 1)(ಎಕ್ಸ್ + 3)) ಇದನ್ನು ಒಡೆದು 2/(ಎಕ್ಸ್ − 1) − 1/(ಎಕ್ಸ್ + 3) ಅಂತ ಬರೆದಿದ್ದೀರಿ ಅಂದುಕೊಳ್ಳಿ. ಎಕ್ಸ್‌ಗೆ 2 ಹಾಕಿ. ಎಡಗಡೆ 11/5, ಅಂದ್ರೆ 2.2. ಬಲಗಡೆ 2 − 0.2, ಅಂದ್ರೆ 1.8. ಸಿಕ್ಕಿಬಿದ್ದ. ಎರಡನೇ ತುಂಡಿನ ಮೈನಸ್ ಪ್ಲಸ್ ಆಗಬೇಕು. ಇಂಟಿಗ್ರೇಷನ್ ಶುರು ಮಾಡುವ ಮೊದಲೇ ಇದನ್ನು ನೋಡಿಕೊಂಡಿದ್ದರೆ ಅರ್ಧ ಪುಟ ಉಳಿಯುತ್ತಿತ್ತು, ಅಲ್ವಾ?

ಯಾವ ಸಂಖ್ಯೆ ಹಾಕುತ್ತೇವೆ ಅನ್ನುವುದೂ ಮುಖ್ಯ. ಮಕ್ಕಳಿಗೆ 0 ಮತ್ತು 1 ಅಂದರೆ ಬಲು ಪ್ರೀತಿ. ಕಳ್ಳ ಅಡಗಿಕೊಳ್ಳುವುದೂ ಅಲ್ಲೇ. ಎಕ್ಸ್^ಎಕ್ಸ್ ಡಿಫರೆನ್ಷಿಯೇಟ್ ಮಾಡು ಅಂದರೆ ಪವರ್ ರೂಲ್ ಹಾಕಿ ಎಕ್ಸ್·ಎಕ್ಸ್^(ಎಕ್ಸ್ − 1) ಅಂತ ಬರೆಯುವವರು ಪ್ರತಿ ವರ್ಷ ಇಬ್ಬರು ಮೂವರಾದರೂ ಇರುತ್ತಾರೆ. ಸರಿಯಾದ ಉತ್ತರ ಎಕ್ಸ್^ಎಕ್ಸ್ (1 + ಲಾಗ್ ಎಕ್ಸ್). ಎಕ್ಸ್‌ಗೆ 1 ಹಾಕಿದರೆ ಎರಡೂ 1 ಬರುತ್ತವೆ. ತಪ್ಪು ಉತ್ತರ ಸಲೀಸಾಗಿ ಪಾಸಾಯಿತು. 2 ಹಾಕಿದರೆ ತಪ್ಪಿನದು 4, ಸರಿಯಾದದ್ದು 6.77. ಹಾಗಾಗಿ ಪರೀಕ್ಷೆಗೆ 2, 3 ಇಂಥವನ್ನು ಇಟ್ಟುಕೊಳ್ಳಿ.

ಲಕ್ಷಣ: ಸೊನ್ನೆ ಬರಬಾರದ ಕಡೆ ಸೊನ್ನೆ

ಈಗ ಆ ಹುಡುಗಿಯ ಲೆಕ್ಕಕ್ಕೆ ಬರೋಣ. ಅವಳು ಮಾಡಿದ್ದು ಪುಸ್ತಕದ ದಾರಿಯೇ. ಮೇಲೆ ಕೆಳಗೆ ಕಾಸ್²ಎಕ್ಸ್‌ನಿಂದ ಭಾಗಿಸಿ, ಟ್ಯಾನ್ ಎಕ್ಸ್ = ಟಿ ಅಂತ ಹಾಕಿದಳು. ಒಳಗಿನದು 1/(ಟಿ² + 2) ಆಯಿತು. ಮಿತಿ ಬದಲಿಸಿದಳು. ಟ್ಯಾನ್ 0 = 0, ಟ್ಯಾನ್ ಪೈ = 0. 0 ಇಂದ 0 ತನಕ ಇಂಟಿಗ್ರಲ್ ಅಂದರೆ ಸೊನ್ನೆ. ಒಂದೊಂದು ಸಾಲೂ ನೋಡಲು ಚೊಕ್ಕ.

ನಾನು ಕೇಳಿದ್ದು ಒಂದೇ: "ಕಾಸ್²ಎಕ್ಸ್ ಎಷ್ಟರಿಂದ ಎಷ್ಟರ ತನಕ ಇರುತ್ತೆ?"

"0 ಇಂದ 1 ಸರ್."

"ಹಾಗಾದ್ರೆ 1/(1 + ಕಾಸ್²ಎಕ್ಸ್)?"

"ಅರ್ಧದಿಂದ 1... ಓ. ಸೊನ್ನೆ ಆಗೋಕೆ ಆಗಲ್ಲ."

ಆಗಲ್ಲ. ಎತ್ತರ ಎಲ್ಲ ಕಡೆ ಅರ್ಧಕ್ಕಿಂತ ಕಡಿಮೆ ಇಲ್ಲ, ಅಗಲ 3.14. ಹಾಗಾಗಿ ಉತ್ತರ 1.57 ಮತ್ತು 3.14ರ ನಡುವೆ ಎಲ್ಲೋ ಇರಲೇಬೇಕು. ಮೂರು ಸಲ ಲೆಕ್ಕ ಮಾಡುವ ಬದಲು ಒಂದು ಸಲ ಹೀಗೆ ನೋಡಿದ್ದರೆ ಸೊನ್ನೆಯ ಮೇಲೆ ಆಗಲೇ ಅನುಮಾನ ಬರುತ್ತಿತ್ತು.

ಆದರೆ ದೋಷ ಯಾವ ಸಾಲಿನಲ್ಲಿ? ಬೀಜಗಣಿತ ಸರಿ ಇದೆ, ಇಂಟಿಗ್ರೇಷನ್ ಸರಿ ಇದೆ, ಮಿತಿಗೆ ಹಾಕಿದ ಬೆಲೆಯೂ ಸರಿ ಇದೆ. ಎರಡು ಕೊನೆಗಳನ್ನು ನೋಡಿದಳೇ ಹೊರತು ನಡುವೆ ದಾರಿ ಇದೆಯಾ ಅಂತ ನೋಡಲಿಲ್ಲ. ಎಕ್ಸ್ 0 ಇಂದ ಪೈಗೆ ಹೋಗುವಾಗ ಪೈ/2 ದಾಟಬೇಕು. ಅಲ್ಲಿ ಟ್ಯಾನ್ ಮೇಲಕ್ಕೆ ಹೋಗಿ ಹೋಗಿ ಕಡಿದುಹೋಗುತ್ತದೆ, ಆ ಕಡೆ ಮೈನಸ್ ಇನ್ಫಿನಿಟಿಯಿಂದ ಮತ್ತೆ ಶುರುವಾಗುತ್ತದೆ. 2018ರ ಆಗಸ್ಟ್ ಮಳೆಗೆ ಮಡಿಕೇರಿ–ಸಂಪಾಜೆ ರಸ್ತೆ ಕುಸಿದದ್ದು ಇಲ್ಲಿ ಎಲ್ಲರಿಗೂ ಗೊತ್ತು. ನಕ್ಷೆಯಲ್ಲಿ ಗೆರೆ ಇತ್ತು, ನೆಲದಲ್ಲಿ ರಸ್ತೆ ಇರಲಿಲ್ಲ. ಟಿ ಅನ್ನು 0 ಇಂದ 0ಗೆ ಕಳಿಸುವುದು ಆ ನಕ್ಷೆ ನಂಬಿ ಬಸ್ಸು ಬಿಟ್ಟ ಹಾಗೆ.

ಸರಿ ಮಾಡುವುದು ಸುಲಭ. ಎಕ್ಸ್ ಬದಲು ಪೈ − ಎಕ್ಸ್ ಹಾಕಿದರೆ ಕಾಸ್‌ನ ಚಿಹ್ನೆ ಬದಲಾಗುತ್ತದೆ, ವರ್ಗ ಬದಲಾಗುವುದಿಲ್ಲ. ಹಾಗಾಗಿ 0 ಇಂದ ಪೈ/2 ತನಕದ್ದನ್ನು ಮಾಡಿ ಎರಡರಿಂದ ಗುಣಿಸಿದರೆ ಸಾಕು. ಈಗ ಟಿ 0 ಇಂದ ಇನ್ಫಿನಿಟಿ ತನಕ. 2 × (1/√2) × ಟ್ಯಾನ್⁻¹(ಟಿ/√2), ಮಿತಿ ಹಾಕಿದರೆ 2 × (1/√2) × ಪೈ/2. ಉತ್ತರ ಪೈ/√2, ಸುಮಾರು 2.22. ನಮ್ಮ ಬೇಲಿಯೊಳಗೇ ಇದೆ. ಕಟ್ಟುನಿಟ್ಟಾಗಿ ಹೇಳುವುದಾದರೆ ಆ ಇನ್ಫಿನಿಟಿ ಹತ್ತಿರ ಲಿಮಿಟ್ ತೆಗೆದುಕೊಳ್ಳಬೇಕು. ಪಿಯು ಮಟ್ಟದಲ್ಲಿ ಯಾರೂ ಕೇಳುವುದಿಲ್ಲ, ಆದರೆ ಗೊತ್ತಿರಲಿ.

ಬೇಡದ ಸೊನ್ನೆ ಬರುವ ಇನ್ನೂ ಎರಡು ಜಾಗ ಇವೆ. ಒಂದು, ವಿಸ್ತೀರ್ಣ. ಸೈನ್ ಎಕ್ಸ್‌ನ ಗೆರೆಗೂ ಎಕ್ಸ್ ಅಕ್ಷಕ್ಕೂ ನಡುವಿನ ಜಾಗ, 0 ಇಂದ 2ಪೈ ತನಕ. ನೇರವಾಗಿ ಇಂಟಿಗ್ರೇಟ್ ಮಾಡಿದರೆ ಸೊನ್ನೆ. ಗೆರೆ ಅಕ್ಷ ದಾಟುವ ಪೈ ಹತ್ತಿರ ಕಡಿದು ಎರಡು ತುಂಡು ಮಾಡಿ, ಎರಡನೆಯದರ ಮೈನಸ್ ತೆಗೆದು ಕೂಡಿಸಿದರೆ 4. ತೋಟದ ಸರ್ವೇಗೆ ಬಂದವರು "ನಿಮ್ಮ ಜಮೀನು ಸೊನ್ನೆ ಎಕರೆ" ಅಂದರೆ ಒಪ್ಪುತ್ತೀರಾ?

ಇನ್ನೊಂದು, ದರದ ಲೆಕ್ಕ. ಮೆಣಸು ಕೊಯ್ಯುವ 6.5 ಮೀಟರ್ ಏಣಿ ಮರಕ್ಕೆ ಒರಗಿದೆ. ಬುಡ ಸೆಕೆಂಡಿಗೆ 12 ಸೆಂಟಿಮೀಟರ್ ಜಾರುತ್ತಿದೆ. ಬುಡ ಮರದಿಂದ 2.5 ಮೀಟರ್ ದೂರ ಇದ್ದಾಗ ತುದಿ ಎಷ್ಟು ಬೇಗ ಇಳಿಯುತ್ತದೆ? ಎತ್ತರ 6 ಮೀಟರ್ ಅಂತ ಕಂಡುಹಿಡಿದು, ಅದನ್ನು ಸಮೀಕರಣಕ್ಕೆ ಹಾಕಿ, ಆಮೇಲೆ ಡಿಫರೆನ್ಷಿಯೇಟ್ ಮಾಡಿದರೆ ಮುಗಿಯಿತು. 6 ಸ್ಥಿರ ಸಂಖ್ಯೆ, ಅದರ ದರ ಸೊನ್ನೆ. ಏಣಿಯ ಬುಡ ಜಾರುತ್ತಿದೆ, ತುದಿ ಅಲ್ಲೇ ನಿಂತಿದೆ! ಮೊದಲು ಎಕ್ಸ್² + ವೈ² = 6.5² ಅನ್ನು ಡಿಫರೆನ್ಷಿಯೇಟ್ ಮಾಡಿ, ಸಂಖ್ಯೆ ಕೊನೆಗೆ ಹಾಕಿ. −(2.5/6) × 12, ಅಂದ್ರೆ ಸೆಕೆಂಡಿಗೆ 5 ಸೆಂಟಿಮೀಟರ್ ಕೆಳಕ್ಕೆ. ಈ ದೋಷಕ್ಕೆ ನಮ್ಮ ಜಗಲಿಯಲ್ಲಿ ‘ಅವಸರದ ಸಂಖ್ಯೆ’ ಅಂತ ಹೆಸರು.

ಲಕ್ಷಣ: ಪುಸ್ತಕದ ಕೊನೆಯಲ್ಲಿ ಕೊಟ್ಟ ಉತ್ತರಕ್ಕೆ ಹೊಂದುತ್ತಿಲ್ಲ, ತಪ್ಪೂ ಕಾಣುತ್ತಿಲ್ಲ

ದೋಷವೇ ಇಲ್ಲದಿರಬಹುದು. ಇದಕ್ಕಾಗಿ ರಾತ್ರಿ ಹನ್ನೊಂದರ ತನಕ ಕೂತು ಅತ್ತವರನ್ನು ನೋಡಿದ್ದೇನೆ.

2 ಸೈನ್ ಎಕ್ಸ್ ಕಾಸ್ ಎಕ್ಸ್ ಇದರ ಇಂಟಿಗ್ರಲ್. ಸೈನ್ ಅನ್ನು ಟಿ ಮಾಡಿದವನಿಗೆ ಸೈನ್²ಎಕ್ಸ್ + ಸಿ. ಕಾಸ್ ಅನ್ನು ಟಿ ಮಾಡಿದವನಿಗೆ −ಕಾಸ್²ಎಕ್ಸ್ + ಸಿ. ಸೈನ್ 2ಎಕ್ಸ್ ಅಂತ ಬರೆದವನಿಗೆ −(1/2) ಕಾಸ್ 2ಎಕ್ಸ್ + ಸಿ. ಮೂರೂ ಸರಿ. ಒಂದಕ್ಕೊಂದು ಇರುವ ವ್ಯತ್ಯಾಸ ಬರೀ ಸ್ಥಿರ ಸಂಖ್ಯೆ, ಅದು ಸಿ ಒಳಗೆ ಸೇರಿಹೋಗುತ್ತದೆ.

ಬೇಗ ನೋಡುವ ಬಗೆ: ನಿಮ್ಮ ಉತ್ತರಕ್ಕೂ ಪುಸ್ತಕದ ಉತ್ತರಕ್ಕೂ ಎಕ್ಸ್ = 0 ಹಾಕಿ ಕಳೆಯಿರಿ, ಆಮೇಲೆ 90 ಡಿಗ್ರಿ ಹಾಕಿ ಕಳೆಯಿರಿ. ಮೊದಲನೆಯದಕ್ಕೂ ಮೂರನೆಯದಕ್ಕೂ ಎರಡು ಸಲವೂ ಅರ್ಧವೇ ಬರುತ್ತದೆ. ಎರಡು ಕಡೆ ಒಂದೇ ಬಂದರೆ ಧೈರ್ಯ ಬರುತ್ತದೆ. ಖಾತ್ರಿ ಬೇಕಾದರೆ ನಿಮ್ಮ ಉತ್ತರ ಡಿಫರೆನ್ಷಿಯೇಟ್ ಮಾಡಿ, ಪ್ರಶ್ನೆ ವಾಪಸ್ ಬಂದರೆ ಪುಸ್ತಕ ಮುಚ್ಚಿ ಮಲಗಿ. ಗೈಡುಗಳಲ್ಲಿ ಅಚ್ಚಿನ ತಪ್ಪೂ ಇರುತ್ತದೆ, ಅದನ್ನು ನೆನಪಿಡಿ. ಆದರೆ ಎಲ್ಲದಕ್ಕೂ ಗೈಡಿನ ಮೇಲೆ ಹಾಕಬೇಡಿ. ಹಾಗೆ ಹೇಳಿ ಸಿಕ್ಕಿಬಿದ್ದವರೇ ಜಾಸ್ತಿ.

ಲಕ್ಷಣ: ಎರಡು ಧನ ಸಂಖ್ಯೆ ಕೂಡಿಸಿದರೆ ಋಣ

ಟ್ಯಾನ್⁻¹ 2 + ಟ್ಯಾನ್⁻¹ 3. ಟ್ಯಾನ್⁻¹ ಎಕ್ಸ್ + ಟ್ಯಾನ್⁻¹ ವೈ = ಟ್ಯಾನ್⁻¹((ಎಕ್ಸ್ + ವೈ)/(1 − ಎಕ್ಸ್ × ವೈ)) ಅನ್ನುವ ಸೂತ್ರಕ್ಕೆ ಹಾಕಿದರೆ ಒಳಗೆ 5/(1 − 6), ಅಂದ್ರೆ −1. ಟ್ಯಾನ್⁻¹(−1) = −ಪೈ/4. ಎರಡು ಕೋನ, ಎರಡೂ ಸೊನ್ನೆಗಿಂತ ದೊಡ್ಡವು, ಕೂಡಿಸಿದರೆ ಮೈನಸ್ 45 ಡಿಗ್ರಿ! ಮೊದಲನೆಯದು ಸುಮಾರು 63.4 ಡಿಗ್ರಿ, ಎರಡನೆಯದು 71.6. ಮೊತ್ತ 135, ಅಂದ್ರೆ 3ಪೈ/4. ಸೂತ್ರ ಸುಳ್ಳಲ್ಲ. ಸೂತ್ರದ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಷರತ್ತು ಇದೆ, ಎಕ್ಸ್ × ವೈ 1ಕ್ಕಿಂತ ಕಡಿಮೆ ಇರಬೇಕು ಅಂತ. ಇಲ್ಲಿ ಗುಣಲಬ್ಧ 6. ಎರಡೂ ಧನ, ಗುಣಲಬ್ಧ 1ಕ್ಕಿಂತ ಜಾಸ್ತಿ ಅಂದರೆ ಪೈ ಕೂಡಿಸಬೇಕು.

ಈ ಅಧ್ಯಾಯದ ಬಹುತೇಕ ದೋಷ ಒಂದೇ ಊರಿನವು. ಸೈನ್⁻¹ ಉತ್ತರ −90 ಇಂದ 90ರ ಒಳಗೆ ಇರಬೇಕು, ಕಾಸ್⁻¹ ಉತ್ತರ 0 ಇಂದ 180ರ ಒಳಗೆ, ಟ್ಯಾನ್⁻¹ ಉತ್ತರ −90 ಮತ್ತು 90ರ ನಡುವೆ, ಕೊನೆಗಳು ಸೇರದೆ. ಕಾಸ್⁻¹(ಕಾಸ್ 210°) ಅಂತ ಕಂಡ ಕೂಡಲೇ ಎರಡನ್ನೂ ಹೊಡೆದುಹಾಕಿ 210 ಬರೆಯುತ್ತಾರೆ. 210 ಈ ಬೇಲಿಯ ಹೊರಗಿದೆ. ಸರಿಯಾದದ್ದು 150. ಉತ್ತರ ಬರೆದ ಮೇಲೆ ಡಿಗ್ರಿಗೆ ಬದಲಿಸಿ ಬೇಲಿ ಒಳಗಿದೆಯಾ ಅಂತ ನೋಡಿ. ಇಷ್ಟೇ ಮದ್ದು.

ಲಕ್ಷಣ: ಮ್ಯಾಟ್ರಿಕ್ಸ್‌ನಲ್ಲಿ ವಿಚಿತ್ರ ಸಂಖ್ಯೆಗಳು

ಐದು ಅಂಕದ ಪ್ರಶ್ನೆ, ಮೂರು ಸಮೀಕರಣ. ಮಕ್ಕಳು ಇದನ್ನು ಸುಲಭದ ಅಂಕ ಅಂತ ಲೆಕ್ಕ ಹಾಕಿರುತ್ತಾರೆ, ಕಳೆದುಕೊಳ್ಳುವುದೂ ಇಲ್ಲೇ. ಹಾಗಾಗಿ ಒಂದನ್ನು ಪೂರ್ತಿ ನೋಡೋಣ.

ಎಕ್ಸ್ + ವೈ + ಝೆಡ್ = 6
2ಎಕ್ಸ್ + ವೈ + 3ಝೆಡ್ = 13
ಎಕ್ಸ್ + 2ವೈ − ಝೆಡ್ = 2

ಒಬ್ಬ ಹುಡುಗ ಎಕ್ಸ್ = 29, ವೈ = −10, ಝೆಡ್ = −3 ಅಂತ ಬರೆದು ತಂದ. ಡಿಟರ್ಮಿನೆಂಟ್ 1, ಸರಿ ಇತ್ತು. ನಾನು ಮೊದಲ ಸಮೀಕರಣ ತೋರಿಸಿದೆ. 29 − 10 − 3 = 16. 6 ಬರಬೇಕಿತ್ತು. "ಕೋಫ್ಯಾಕ್ಟರ್ ಎಲ್ಲ ಮತ್ತೆ ಮಾಡ್ತೀನಿ ಸರ್" ಅಂದ. ಒಂಬತ್ತು ಕೋಫ್ಯಾಕ್ಟರ್! ಬೇಡ ಅಂದೆ.

ಅವನ ಕೋಫ್ಯಾಕ್ಟರ್‌ಗಳು ಸಾಲಾಗಿ ಹೀಗಿದ್ದವು: −7, 5, 3, ಎರಡನೇ ಸಾಲು 3, −2, −1, ಮೂರನೇ ಸಾಲು 2, −1, −1.

ಪಂಪಿಗೆ ನೀರು ಸುರಿದು ನೋಡುವಂಥ ಪರೀಕ್ಷೆ ಇಲ್ಲೂ ಒಂದಿದೆ. ಮ್ಯಾಟ್ರಿಕ್ಸನ್ನು, ಕೋಫ್ಯಾಕ್ಟರ್‌ಗಳ ಸಾಲು ಕಂಬ ಅದಲುಬದಲು ಮಾಡಿದಾಗ ಸಿಗುವ ಅದರ ಅಡ್ಜಾಯಿಂಟ್‌ನಿಂದ ಗುಣಿಸಿದರೆ ಕರ್ಣದಲ್ಲಿ ಡಿಟರ್ಮಿನೆಂಟ್, ಉಳಿದ ಕಡೆ ಸೊನ್ನೆ ಬರಬೇಕು. ಎಲ್ಲ ಗುಣಿಸಬೇಕಾಗಿಲ್ಲ. ಮೂಲ ಮ್ಯಾಟ್ರಿಕ್ಸಿನ ಮೊದಲ ಸಾಲು 1, 1, 1. ಅದನ್ನು ಅವನು ಅಡ್ಜಾಯಿಂಟ್ ಅಂತ ಬರೆದದ್ದರ ಎರಡನೇ ಕಂಬಕ್ಕೆ ಗುಣಿಸಿದೆ: 5 − 2 − 1 = 2. ಸೊನ್ನೆ ಬರಲಿಲ್ಲ. ಎರಡನೇ ಸಾಲಿಗೇ ಗುಣಿಸಿ ನೋಡಿದೆ: 3 − 2 − 1 = 0. ಬಂತು! ಅಂದ್ರೆ ಕೋಫ್ಯಾಕ್ಟರ್‌ಗಳ ಮೇಲೆ ಅನುಮಾನ ಬೇಡ, ಸಾಲು ಕಂಬ ಅದಲುಬದಲು ಮಾಡುವುದನ್ನು ಮರೆತಿದ್ದಾನೆ. ಟ್ರಾನ್ಸ್‌ಪೋಸ್ ಮಾಡಿದ ಮೇಲೆ ಮೊದಲ ಸಾಲು −7, 3, 2. ಅದನ್ನು 6, 13, 2ಕ್ಕೆ ಗುಣಿಸಿದರೆ −42 + 39 + 4 = 1. ಹಾಗೇ ವೈ 2, ಝೆಡ್ 3.

ಸಾಲಿಗೂ ಗುಣಿಸಿದಾಗ ಸೊನ್ನೆ ಬರದಿದ್ದರೆ ಆಗ ಕೋಫ್ಯಾಕ್ಟರ್ ಚಿಹ್ನೆ ನೋಡಿ. ಪ್ಲಸ್ ಮೈನಸ್ ಪ್ಲಸ್ ಅನ್ನುವ ಚದುರಂಗದ ಮನೆಯಲ್ಲಿ ಎಡವುವುದು ಹೆಚ್ಚಾಗಿ ನಡುವಿನ ಸಾಲಿನಲ್ಲಿ. ಅದರಲ್ಲೂ ಒಳಗೆ ಮೊದಲೇ ಮೈನಸ್ ಇದ್ದರೆ ಮೈನಸ್‌ಗೆ ಮೈನಸ್ ಸೇರಿ ಏನೋ ಆಗಿಬಿಡುತ್ತದೆ.

ಇದೇ ಅಧ್ಯಾಯದ ಇನ್ನೊಂದು, ಬೇಗ ಹೇಳಿಬಿಡುತ್ತೇನೆ. ಮೂರು ಸಾಲಿನ ಮ್ಯಾಟ್ರಿಕ್ಸನ್ನು 2ರಿಂದ ಗುಣಿಸಿದರೆ ಡಿಟರ್ಮಿನೆಂಟ್ 8 ಪಟ್ಟು ಆಗುತ್ತದೆ, 2 ಪಟ್ಟಲ್ಲ. ಒಂದೊಂದು ಸಾಲಿನಿಂದಲೂ ಒಂದೊಂದು 2 ಹೊರಗೆ ಬರುತ್ತದೆ.

ಲಕ್ಷಣ: ಒಂದು ಪರೀಕ್ಷೆ ಪಾಸು, ಇನ್ನೊಂದು ಫೇಲು

ಡಿಫರೆನ್ಷಿಯಲ್ ಇಕ್ವೇಷನ್‌ನಲ್ಲಿ ಉತ್ತರ ವಾಪಸ್ ಹಾಕಿ ನೋಡುವ ಅಭ್ಯಾಸ ಒಳ್ಳೆಯದು. ಆದರೆ ಅರ್ಧ ಹಾಕಿ ಬಿಟ್ಟರೆ ಮೋಸ ಹೋಗುತ್ತೀರಿ. ಡಿವೈ/ಡಿಎಕ್ಸ್ = 2ಎಕ್ಸ್·ವೈ, ಎಕ್ಸ್ 0 ಇದ್ದಾಗ ವೈ 3. ಬೇರ್ಪಡಿಸಿ ಇಂಟಿಗ್ರೇಟ್ ಮಾಡಿದರೆ ಲಾಗ್ ವೈ = ಎಕ್ಸ್². ಇಲ್ಲಿ ಸಿ ಮರೆತ ಹುಡುಗಿ ವೈ = ಇ^(ಎಕ್ಸ್²) ಅಂತ ಬರೆದ ಮೇಲೆ ನೆನಪಾಗಿ ಕೊನೆಗೆ + ಸಿ ಅಂಟಿಸಿದಳು. 0 ಹಾಕಿದರೆ 1 + ಸಿ = 3, ಸಿ = 2. ಉತ್ತರ ಇ^(ಎಕ್ಸ್²) + 2. ಎಕ್ಸ್ 0 ಹಾಕಿ ನೋಡಿದಳು, 3 ಬಂತು. ಖುಷಿ.

ಬರದೆ ಇನ್ನೇನು? ಸಿ ಅನ್ನು 3 ಬರುವ ಹಾಗೇ ಆರಿಸಿದ್ದಲ್ವಾ? ಅದು ಪರೀಕ್ಷೆಯೇ ಅಲ್ಲ. ನಿಜವಾದ ಪರೀಕ್ಷೆ ಸಮೀಕರಣದ್ದು. ಅವಳ ಉತ್ತರವನ್ನು ಡಿಫರೆನ್ಷಿಯೇಟ್ ಮಾಡಿದರೆ 2ಎಕ್ಸ್·ಇ^(ಎಕ್ಸ್²). ಬರಬೇಕಾದದ್ದು 2ಎಕ್ಸ್·(ಇ^(ಎಕ್ಸ್²) + 2). ಹೊಂದುವುದಿಲ್ಲ. ಸಿ ಹುಟ್ಟುವುದು ಇಂಟಿಗ್ರೇಷನ್ ಮಾಡಿದ ಅದೇ ಸಾಲಿನಲ್ಲಿ. ಲಾಗ್ ವೈ = ಎಕ್ಸ್² + ಸಿ ಅಂತ ಬರೆದರೆ ಅದು ಮುಂದೆ ಗುಣಕವಾಗಿ ಬರುತ್ತದೆ, ವೈ = 3ಇ^(ಎಕ್ಸ್²). ತಡವಾಗಿ ಬಂದ ಸಿ ತಪ್ಪು ಸೀಟಿನಲ್ಲಿ ಕೂರುತ್ತದೆ.

ಪ್ರಾಬಬಿಲಿಟಿ: ದೋಷ ಗಣಿತದ್ದಲ್ಲ, ಓದಿದ್ದರದ್ದು

ನಮ್ಮ ಕಡೆ ಹಳ್ಳಿ ಶಾಲೆಗಳಿಂದ ಬರುವ ಎಷ್ಟೋ ಮಕ್ಕಳು ಎಸ್ಸೆಸ್ಸೆಲ್ಸಿ ತನಕ ಕನ್ನಡದಲ್ಲಿ ಓದಿರುತ್ತಾರೆ. ಸಂಭವನೀಯತೆ ಅಂತ ಕಲಿತದ್ದು ಪಿಯುಸಿಗೆ ಬಂದ ಕೂಡಲೇ ಪ್ರಾಬಬಿಲಿಟಿ ಆಗುತ್ತದೆ. ಲೆಕ್ಕ ಬರುತ್ತದೆ, ಪ್ರಶ್ನೆ ಅರ್ಥವಾಗುವುದಿಲ್ಲ. ಮೂರು ನಾಣ್ಯ ಎಸೆದಾಗ ‘ಅಟ್ ಲೀಸ್ಟ್ ಟೂ ಹೆಡ್ಸ್’ ಅಂದರೆ ಕಡಿಮೆ ಅಂದರೂ ಎರಡು. ಸರಿಯಾಗಿ ಎರಡು ಅಂತ ಓದಿಕೊಂಡವನು 3/8 ಬರೆಯುತ್ತಾನೆ, ಉತ್ತರ 4/8. ಈ ದೋಷ ಹುಡುಕಲು ಲೆಕ್ಕ ನೋಡಿ ಪ್ರಯೋಜನವಿಲ್ಲ. "ಪ್ರಶ್ನೆ ಕನ್ನಡದಲ್ಲಿ ಹೇಳು ನೋಡೋಣ" ಅಂದರೆ ಕೂಡಲೇ ಸಿಗುತ್ತದೆ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು ಆಡುವವರಾದರೆ ಅದರಲ್ಲೇ ಹೇಳಲಿ. ನನಗೆ ಅರ್ಥವಾಗದಿದ್ದರೂ ಅವರಿಗೆ ಆಗುತ್ತದಲ್ಲ!

ಇನ್ನೊಂದು ಗಟ್ಟಿ ದೋಷ, ಬೇಯ್ಸ್ ಪ್ರಮೇಯದಲ್ಲಿ ಕೊಟ್ಟದ್ದನ್ನೂ ಕೇಳಿದ್ದನ್ನೂ ತಿರುಗುಮುರುಗು ಮಾಡುವುದು. ಸೂತ್ರ ಬಾಯಿಪಾಠ ಇರುತ್ತದೆ, ಯಾವುದನ್ನು ಎಲ್ಲಿ ಹಾಕಬೇಕು ಅಂತ ಗೊತ್ತಿರುವುದಿಲ್ಲ. ನಾನು ಜೂನ್ ತಿಂಗಳ ಲೆಕ್ಕ ಕೊಡುತ್ತೇನೆ. ಮಳೆ ಬರುವ ಸಂಭವ 0.6. ಮಳೆ ಬಂದರೆ ಬಸ್ಸು ತಡವಾಗುವ ಸಂಭವ 0.5, ಬರದಿದ್ದರೆ 0.1. ಇವತ್ತು ಬಸ್ಸು ತಡ. ಮಳೆ ಬಂದಿರುವ ಸಂಭವ ಎಷ್ಟು? ಅರ್ಧ ಮಕ್ಕಳು 0.5 ಅನ್ನುತ್ತಾರೆ. ಅದು ಕೊಟ್ಟದ್ದು, ಕೇಳಿದ್ದಲ್ಲ.

ಸೂತ್ರ ಪಕ್ಕಕ್ಕಿಟ್ಟು ನೂರು ದಿನ ಎಣಿಸಿ. 60 ದಿನ ಮಳೆ, ಅದರಲ್ಲಿ 30 ದಿನ ಬಸ್ಸು ತಡ. 40 ದಿನ ಮಳೆ ಇಲ್ಲ, ಅದರಲ್ಲಿ 4 ದಿನ ತಡ. ಒಟ್ಟು ತಡವಾದದ್ದು 34 ದಿನ, ಅದರಲ್ಲಿ ಮಳೆಯವು 30. ಉತ್ತರ 30/34, ಅಂದ್ರೆ 15/17. ಸೂತ್ರದಿಂದಲೂ ಇದೇ ಬರಬೇಕು. ಬರದಿದ್ದರೆ ಸೂತ್ರದ ಮೇಲಿನ ಸಾಲು ಕೆಳಗಿನ ಸಾಲಿನ ಒಂದು ತುಂಡೇ ಹೌದಾ ಅಂತ ನೋಡಿ. ಅಲ್ಲದಿದ್ದರೆ ಅಲ್ಲೇ ತಪ್ಪಿದ್ದೀರಿ.

ಉಳಿದವು, ಬೇಗ ಬೇಗ

ತ್ರೀ–ಡಿ ಯಲ್ಲಿ ಗೆರೆಯ ಸಮೀಕರಣ (3 − ಎಕ್ಸ್)/2 = (2ವೈ + 4)/6 = ಝೆಡ್ ಅಂತ ಕೊಟ್ಟಿದ್ದರೆ ದಿಕ್ಕು 2, 6, 1 ಅಲ್ಲ. ಎಕ್ಸ್, ವೈ, ಝೆಡ್ ಮುಂದೆ ಬರೀ ಪ್ಲಸ್ 1 ಇರುವ ಹಾಗೆ ಮೊದಲು ತಿದ್ದಿ. ಆಗ −2, 3, 1. ಎರಡು ಗೆರೆಗಳ ನಡುವಿನ ದೂರ ಹುಡುಕುವಾಗ ಕೆಳಗೆ ಸೊನ್ನೆ ಬಂದರೆ ಹೆದರಬೇಡಿ, ಗೆರೆಗಳು ಸಮಾಂತರ ಅಂತ ಅರ್ಥ. ಸೂತ್ರ ಬದಲಿಸಿ.

ಗರಿಷ್ಠ ಕನಿಷ್ಠದಲ್ಲಿ ಕೊನೆಗಳನ್ನು ಮರೆಯಬೇಡಿ. ಎಕ್ಸ್³ − 3ಎಕ್ಸ್, 0 ಇಂದ 3 ತನಕ. ಡೆರಿವೇಟಿವ್ ಸೊನ್ನೆ ಆಗುವುದು ಎಕ್ಸ್ = 1ರಲ್ಲಿ, ಅಲ್ಲಿ ಬೆಲೆ −2, ಅದು ಕನಿಷ್ಠ. "ಗರಿಷ್ಠ ಇಲ್ಲ ಸರ್" ಅನ್ನುತ್ತಾರೆ. ಎಕ್ಸ್ = 3ರಲ್ಲಿ 18 ಕೂತಿದೆ, ಯಾರೂ ಹೋಗಿ ನೋಡಿಲ್ಲ.

ಎರಡು ಪದ ಕೂಡಿಸಿದ್ದರ ಲಾಗ್ ತೆಗೆದರೆ ಅದು ಎರಡು ಲಾಗ್‌ಗಳ ಮೊತ್ತ ಆಗುವುದಿಲ್ಲ. ಲಾಗ್ ತೆಗೆದು ಡಿಫರೆನ್ಷಿಯೇಟ್ ಮಾಡುವಾಗ ಎರಡು ಪದವನ್ನೂ ಬೇರೆ ಬೇರೆ ಮಾಡಿ, ಬಂದ ಡೆರಿವೇಟಿವ್‌ಗಳನ್ನು ಕೊನೆಗೆ ಕೂಡಿಸಿ.

ಮನೆಯಲ್ಲಿ ಕ್ಯಾಲ್ಕುಲೇಟರ್ ಹಿಡಿದು ತಾಳೆ ನೋಡುವವರು ಅದು ಡಿಗ್ರಿಯಲ್ಲಿದೆಯಾ ರೇಡಿಯನ್‌ನಲ್ಲಿದೆಯಾ ಅಂತ ಮೊದಲು ನೋಡಿ. ಸರಿಯಾದ ಉತ್ತರವನ್ನು ಹೊಡೆದುಹಾಕಿ ತಪ್ಪನ್ನು ಬರೆದವರು ಇದ್ದಾರೆ.

ಪರೀಕ್ಷೆ ಹಾಲ್‌ನಲ್ಲಿ ಎಷ್ಟು ಹುಡುಕಬೇಕು

ಬೋರ್ಡ್ ಪರೀಕ್ಷೆಗೂ ಸಿಇಟಿಗೂ ಮದ್ದು ಬೇರೆ. ಬೋರ್ಡ್‌ನಲ್ಲಿ ಸಾಲು ಸಾಲಿಗೆ ಅಂಕ ಇದೆ. ಕೊನೆಯಲ್ಲಿ ಉತ್ತರ ಹೊಂದಲಿಲ್ಲ ಅಂತ ಇಡೀ ಲೆಕ್ಕ ಅಡ್ಡಗೆರೆ ಎಳೆದು ಹೊಡೆದುಹಾಕಬೇಡಿ. ಸಮಯ ಇದ್ದರೆ ನಡುವಿನಲ್ಲಿ ಕಡಿದು ಹುಡುಕಿ, ಇಲ್ಲದಿದ್ದರೆ ಹಾಗೇ ಬಿಟ್ಟು ಮುಂದೆ ಹೋಗಿ. ಸಿಇಟಿಯಲ್ಲಿ 60 ಪ್ರಶ್ನೆಗೆ 80 ನಿಮಿಷ, ಅಂದ್ರೆ ಒಂದಕ್ಕೆ 80 ಸೆಕೆಂಡ್. ದೋಷ ಹುಡುಕಲು ಪುರುಸೊತ್ತಿಲ್ಲ. ಅಲ್ಲಿ ಕೆಲಸಕ್ಕೆ ಬರುವುದು ಮೊದಲ ಪರೀಕ್ಷೆ ಮಾತ್ರ, ಚಿಹ್ನೆ ಮತ್ತು ಗಾತ್ರ. ನಾಲ್ಕು ಆಯ್ಕೆಗಳಲ್ಲಿ ಎರಡು ಹೆಚ್ಚಾಗಿ ಅಲ್ಲೇ ಬಿದ್ದುಹೋಗುತ್ತವೆ. ತಪ್ಪಿಗೆ ಅಂಕ ಕಳೆಯುವುದೂ ಇಲ್ಲ, ಹಾಗಾಗಿ ಉಳಿದೆರಡರಲ್ಲಿ ಒಂದನ್ನು ತುಂಬಿ. ಜೆಇಇ ಮೇನ್‌ನಲ್ಲಿ ತಪ್ಪಿಗೆ ಒಂದು ಅಂಕ ಹೋಗುತ್ತದೆ, ಅಲ್ಲಿ ಈ ಧೈರ್ಯ ಅಳೆದು ಮಾಡಿ.

ಮನೆಯಲ್ಲಿ ಮಾತ್ರ ಪುರುಸೊತ್ತಿದೆ. ನಮ್ಮ ಜಗಲಿಯ ಮಕ್ಕಳ ನೋಟ್‌ಬುಕ್‌ನ ಕೊನೆಯ ನಾಲ್ಕು ಪುಟ ಇದಕ್ಕೇ ಮೀಸಲು. ತಾರೀಖು, ಅಧ್ಯಾಯ, ತಪ್ಪಿದ ಸಾಲು, ದೋಷದ ಹೆಸರು. ‘ಸಿಲ್ಲಿ’ ಅಂತ ಬರೆಯುವ ಹಾಗಿಲ್ಲ. ‘ಅವಸರದ ಸಂಖ್ಯೆ’, ‘ತಡವಾದ ಸಿ’, ‘ಬೇಲಿ ಹೊರಗೆ’, ‘ಮೈನಸ್ ಬ್ರಾಕೆಟ್’ ಹೀಗೆ. ತಿಂಗಳು ಕಳೆದ ಮೇಲೆ ತೆರೆದು ನೋಡಿದರೆ ಒಬ್ಬೊಬ್ಬರದೂ ಎರಡು ಮೂರು ಹೆಸರೇ ಸುತ್ತಿ ಸುತ್ತಿ ಬಂದಿರುತ್ತವೆ. ನನ್ನದೂ ಒಂದಿದೆ, ಮೈನಸ್ ಬ್ರಾಕೆಟ್. ಬೋರ್ಡಿನ ಮೇಲೆ −(ಎಕ್ಸ್ − 3) ಬಿಡಿಸುವಾಗ ಈಗಲೂ ಮಕ್ಕಳು "ಸರ್, ಸರ್" ಅಂತ ಕೂಗುತ್ತಾರೆ.

ಜನವರಿ ಕೊನೆಗೆ ಒಂದು ಸಂಜೆ ಕರೆಂಟ್ ಹೋಗಿತ್ತು. ಎಮರ್ಜೆನ್ಸಿ ಲೈಟ್ ಸುತ್ತ ಎಲ್ಲರೂ ಕೂತಿದ್ದರು. ಡಿಸೆಂಬರ್‌ನ ಅದೇ ಹುಡುಗಿಗೆ ಬೇರೆ ಇಂಟಿಗ್ರಲ್ ಒಂದರಲ್ಲಿ −0.4 ಬಂತು. ರಬ್ಬರ್ ತೆಗೆಯಲಿಲ್ಲ. ಪೆನ್ಸಿಲ್‌ನಲ್ಲಿ ಪಕ್ಕದಲ್ಲಿ ಒಂದು ಸಣ್ಣ ಗ್ರಾಫ್ ಎಳೆದಳು, ಗೆರೆ ಪೂರ್ತಿ ಅಕ್ಷದ ಮೇಲೆಯೇ ಇತ್ತು. ಕೆಳಗಿಂದ ಮೇಲೆ ನಾಲ್ಕು ಸಾಲು ಹತ್ತಿ, ಒಂದು ಜಾಗಕ್ಕೆ ಗುಂಡು ಸುತ್ತಿದಳು. ಆಮೇಲೆ ಕೊನೆಯ ಪುಟ ತೆರೆದು ತಾರೀಖು ಹಾಕಿ ಬರೆದಳು: "ಮಿತಿ ಬದಲಿಸುವಾಗ ಮೇಲಿನದು ಕೆಳಗೆ."